ಗೇಟಿನ ಕಡೆ ತಿರುಗಿಸಿಟ್ಟ ಚಪ್ಪಲಿ

ಹೋದ ತಿಂಗಳ ನಮ್ಮ ತಂಗಿ ಮೊಳಕಾಲ ಆಪರೇಶನ್ ಮಾಡಿಸಿಕೊಂಡು ಸತ್ತೂರ ದವಾಖಾನ್ಯಾಗ ಮಲಗಿದ್ಲು. ನಾ ಬಾಜೂಕ ಸ್ಟೂಲಿನ ಮ್ಯಾಲ ಕುಂತು ಮೋಸಂಬಿ ಸುಲಿಯಾಕತ್ತಿದ್ದೆ. ಆಚಿ ಕಾಟಿನ ಮುದುಕಿ ನರ್ಸಿನ ಕಣ್ಣು ತಪ್ಪಿಸಿ ದಿಂಬಿನ ಕೆಳಗಿಂದ ಒಂದು ಬಾಟ್ಲಿ ತಗದು ಅಂಗೈಗೆ ಎಣ್ಣಿ ಸುರುವಿಕೊಂಡ್ಲು. ವಾಸನಿ ಬಂತು ನೋಡ್ರಿ. ಎಳ್ಳೆಣ್ಣಿ, ಲಕ್ಕಿ ತೊಪ್ಪಲ, ಬೆಳ್ಳುಳ್ಳಿ, ಅಜವಾನ, ಕಡೀಕ ಹಾಕೂ ಕರ್ಪೂರ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಯಾಕಕ್ಕಾ, ಏನಾತು ಅಂತ ತಂಗಿ ಕೇಳಿದ್ಲು. ಏನಿಲ್ಲ ಅಂದೆ. ಏನಿಲ್ಲ ಅನ್ನೂದು ನನಗ ಭಾಳ ವರ್ಷದ ರೂಢಿ.

ಅಂಥಾ ಎಣ್ಣಿ ಮಾಡೂ ಜಾಗಾದಾಗ ನಾ ಹದಿನೇಳು ವರ್ಷ ದುಡದೇನಿ. ಅಮರಗೋಳದ ಆಚಿಗೆ, ಉದ್ದಾನ ಎರಡು ತಗಡಿನ ಶೆಡ್ಡು, ಮುಂದ ಒಂದು ಸಣ್ಣ ಆಫೀಸು, ಸುತ್ತ ಲಕ್ಕಿ ಗಿಡದ ಬೇಲಿ. ಸಂದು ನೋವಿನ ಎಣ್ಣಿ, ಚೂರ್ಣ, ಕೆಮ್ಮಿನ ಕಷಾಯ ಮಾಡತಿದ್ವಿ. ಮೂವತ್ತೈದು ನಲವತ್ತು ಮಂದಿ ಇದ್ವಿ. ನನ್ನ ಕೆಲಸ ಹಾಜರಿ ಪುಸ್ತಕ ನೋಡಿಕೊಳ್ಳೂದು, ರಜಾ ಬರಕೊಳ್ಳೂದು, ಪತ್ರ ಟೈಪ್ ಮಾಡೂದು. ಸರೋಜಾ ಅಂತ ನನ್ನ ಹೆಸರು, ಅಲ್ಲೆ ಎಲ್ಲಾರೂ ಸರೋಜಕ್ಕಾ ಅಂತಿದ್ರು, ನನಗಿಂತ ಹಿರೇರು ಸೈತ.

ಮಾಲಕರನ್ನ ಅಣ್ಣಾರು ಅಂತಿದ್ವಿ. ಸಾವುಕಾರ್ರ ಅಂತ ಯಾರರ ಕರದ್ರ ಅವರ ಮುಖ ಸಣ್ಣದಾಗತಿತ್ತು. ಅವರ ತಂದಿ ಕಾಲದಿಂದಲೂ ಅದು ಕಾರ್ಖಾನಿ ಅಲ್ಲ, ಕಾಯಕದ ಮನಿ. ದಿನಾ ಮುಂಜಾನೆ ಎಲ್ಲಾರೂ ಅಂಗಳದಾಗ ನಿಂತು ಪ್ರಾರ್ಥನಾ ಮಾಡಬೇಕು. ಅದು ಮುಗದಿಂದ ಅಣ್ಣಾರು ತಾವ ಮೊದಲು ಕೈ ಮುಗದು ಶರಣು ಅನ್ನಾವರು, ಕಸಾ ಹೊಡಿಯೂ ಗಂಗವ್ವನಿಂದ ಹಿಡದು ಎಲ್ಲಾರಿಗೂ. ಕೊರಳಾಗ ಲಿಂಗ, ಹಣಿ ತುಂಬ ವಿಭೂತಿ, ಬಿಳೇ ಅಂಗಿ. ತೋರಿಕಿಗೆ ಮಾಡತಿರಲಿಲ್ಲ ಅವರು. ನನಗ ಅವರ ಮ್ಯಾಲ ಸಿಟ್ಟು ಬಂದ ದಿನಗಳು ಕಡಿಮಿ ಏನಿಲ್ಲ, ಆದ್ರ ಢೋಂಗಿ ಅಂತ ಆಗೂ ಅಂದಿಲ್ಲ, ಈಗೂ ಅನ್ನೂದಿಲ್ಲ.

ಶೆಡ್ಡಿನೊಳಗ ಚಪ್ಪಲಿ ಹಾಕ್ಕೊಂಡು ಯಾರೂ ಹೋಗೂ ಹಂಗಿದ್ದಿಲ್ಲ. ಔಷಧಿ ಮಾಡೂ ಜಾಗಾ ಅಂತ ಒಂದು, ಕಾಯಕದ ಜಾಗಾ ಅಂತ ಇನ್ನೊಂದು. ಬಾಗಿಲ ಬಾಜೂ ಒಂದು ಕಟ್ಟಿ ಇತ್ತು, ಅದರ ಮ್ಯಾಲ ಸಾಲಾಗಿ ಬಿಡತಿದ್ವಿ, ತುದಿ ಒಳಗಿನ ಕಡೆ ಮಾಡಿ. ಗೇಟಿನ ಕಡೆ ಮುಖ ಮಾಡಿ ಚಪ್ಪಲಿ ಇಡೂದು ಅಂದ್ರ ಅದಕ್ಕ ಅಲ್ಲೆ ಬ್ಯಾರೇನ ಅರ್ಥ ಇತ್ತು.

ಕೆಲಸ ಬಿಟ್ಟು ಹೋಗಾವರನ್ನ ಕಳಸೂ ರೀತಿ ಅದು. ವಯಸ್ಸಾಗಿ ಹೋಗಲಿ, ಮದುವಿ ಆಗಿ ಹೋಗಲಿ, ಕೆಲಸ ಇಲ್ಲಂತ ಹೋಗಲಿ, ಎಲ್ಲಾರಿಗೂ ಒಂದ ರೀತಿ. ಅಣ್ಣಾರು ಆಫೀಸಿಗೆ ಕರದು, ಸೋಮವಾರ ನಮ್ಮ ಜೋಡಿ ಊಟಕ್ಕ ಕೂಡ್ರಿ ಅಂತಿದ್ರು. ಅಷ್ಟರಾಗ ತಿಳಕೋಬೇಕು. ಸೋಮವಾರ ಅಂಗಳದಾಗ ಪಂಕ್ತಿ. ಹೋಗಾವರು ಮೊದಲನೇ ಎಲಿಗೆ, ಅಣ್ಣಾರು ಸೊಂಟಕ್ಕ ಟಾವೆಲ್ ಸುತ್ತಿಕೊಂಡು ತಾವ ನೀಡಾವರು. ಊಟ ಆದಮ್ಯಾಲ ಗಂಡಸರಿಗೆ ಶಾಲು, ಹೆಣ್ಣಮಕ್ಕಳಿಗೆ ಉಡಿ ತುಂಬೂದು. ಕಡೀಕ ಅಣ್ಣಾರು ಕಟ್ಟಿ ಹತ್ರ ಹೋಗಿ ಅವರ ಚಪ್ಪಲಿ ಎರಡೂ ಕೈಲಿ ಎತ್ತಿಕೊಂಡು ಬಂದು, ಗೇಟಿನ ಕಡೆ ಮುಖ ಮಾಡಿ ಅವರ ಕಾಲ ಮುಂದ ಇಡತಿದ್ರು. ಅವರು ಗೇಟು ದಾಟೂತನಕಾ ಕೈ ಮುಗದು ನಿಲ್ಲತಿದ್ರು. ನಲವತ್ತು ಮಂದಿನೂ ನಿಲ್ಲತಿದ್ವಿ. ಬ್ಯಾರೆ ಕಡೆ ಕೆಲಸ ಹೋತಂದ್ರ ವಾಚಮನ್ ಕುತಗಿ ಹಿಡದು ದಬ್ಬೂದು ನೋಡಿದ ಊರು ಇದು. ನಮ್ಮ ಮನಿಯವರ ಮಿಲ್ಲು ಮುಚ್ಚಿದಾಗ ಗೇಟಿಗೆ ಒಂದು ನೋಟೀಸು ಅಂಟಿಸಿ ಕೈ ತೊಳಕೊಂಡಿದ್ರು. ಅದಕ್ಕ ಅಣ್ಣಾರು ಮೊದಲನೇ ಸಲ ಚಪ್ಪಲಿ ಎತ್ತಿದ್ದು ನೋಡಿ ನಾ ಅತ್ತಿದ್ದೆ.

ಇನ್ನೊಂದು ರೀತಿನೂ ಇತ್ತು. ಕಳವು ಮಾಡಿದವರಿಗೆ, ಮಾಲು ಕೆಡಿಸಿದವರಿಗೆ. ಅವರನ್ನೂ ಬೈಯಬಾರದು, ನಾಕು ಮಂದಿ ಮುಂದ ಮಾನ ಕಳೀಬಾರದು ಅಂತ ಅಣ್ಣಾರ ತಂದಿ ಹಾಕಿದ ಪದ್ಧತಿ. ಊಟ ಇಲ್ಲ, ಶಾಲಿಲ್ಲ, ಮಾತೂ ಇಲ್ಲ. ಅವರು ಒಳಗ ಇದ್ದಾಗ ಚಪ್ಪಲಿ ಅಷ್ಟ ತಿರುಗಿಸಿ ಇಡೂದು. ಹೊರಗ ಬಂದವ ನೋಡತಾನ, ತಿಳಕೋತಾನ, ಸುಮ್ಮನ ಹೋಗತಾನ. ಹಳೇ ಕಾಲದಾಗ ಎರಡು ಸಲ ಹಂಗ ಆಗಿತ್ತಂತ. ನಾ ನೋಡಿಲ್ಲ, ಕೇಳೇನಿ ಅಷ್ಟ. ಕಣ್ಣಾರೆ ನೋಡಿದವರು ಅಲ್ಲೆ ಒಬ್ಬರ ಉಳದಿದ್ರು, ನಿಂಗಪ್ಪ ಕಾಕಾ.

ನಿಂಗಪ್ಪ ಕಾಕಾ ಎಣ್ಣಿ ಕಾಯಿಸಾವರು. ಹಳೇ ಹುಬ್ಬಳ್ಳ್ಯಾಗ ಮನಿ, ಇಪ್ಪತ್ತಾರು ವರ್ಷದ ಕೆಲಸ. ದೊಡ್ಡ ತಾಮ್ರದ ಕೊಪ್ಪರಿಗಿ ಮುಂದ ಬರಿಗಾಲಲೆ ನಿಂತು ಮುಂಜಾನಿಂದ ಸಂಜೀತನಕಾ ತಿರುವತಿದ್ರು. ಎಣ್ಣಿ ಹದಕ್ಕ ಬಂತೋ ಇಲ್ಲೋ ನೋಡಾಕ ಒಂದು ಬತ್ತಿ ಅದ್ದಿ ಹಚ್ಚತಿದ್ರು. ಚಟಪಟ ಅಂದ್ರ ಇನ್ನೂ ನೀರಿನ ಪಸಿ ಐತಿ, ಸುಮ್ಮನ ಉರದ್ರ ಹದಾ ಆತು. ಖರೇ ಹೇಳಬೇಕಂದ್ರ ಅವರಿಗೆ ಬತ್ತಿನೂ ಬೇಕಾಗಿರಲಿಲ್ಲ, ವಾಸನೀಲೆ ಹೇಳತಿದ್ರು. ಮಾತು ಕಡಿಮಿ. ನನ್ನ ಸಣ್ಣ ಮಗಳಿಗೆ ಉಳುಕು ಬಂದಾಗ ಒಂದು ಸಂಜಿ ನಮ್ಮ ಮನೀತನಕಾ ಬಂದು ಕಾಲು ತಿಕ್ಕಿ ಹೋಗಿದ್ರು, ಚಹಾನೂ ಕುಡದಿರಲಿಲ್ಲ.

ಎರಡು ಸಾವಿರ ಇಸ್ವಿ ಬರಾಕ ಇನ್ನೂ ಒಂದು ವರ್ಷ ಇತ್ತು. ಆ ಆಷಾಢದಾಗ ಮಳಿ ಅಂದ್ರ ಮಳಿ. ಧೋ ಅಂತ ಸುರದು ಹೋಗೂ ಮಳಿ ಅಲ್ಲ, ಧಾರವಾಡದ ಕಡೆಯ ಜಿಟಿಜಿಟಿ ಮಳಿ, ವಾರಗಟ್ಟಲೆ ಒಂದ ಸಮನ. ಚೂರ್ಣಕ್ಕ ಪಸಿ ಹತ್ತಾಕತ್ತಿತ್ತು, ತೊಪ್ಪಲ ಒಣಗವಲ್ದು. ಅದರಾಗ ನಮ್ಮ ದೊಡ್ಡ ಆರ್ಡರೂ ನಿಂತಿತು, ದವಾಖಾನಿಗೆ ಹೋಗತಿದ್ದ ಕಷಾಯದ್ದು. ಅಣ್ಣಾರು ಒಂದು ದಿನ ನನ್ನ ಕರದು, ಸರೋಜವ್ವಾ, ಈ ಶ್ರಾವಣದೊಳಗ ನಾಕು ಮಂದಿನ್ನ ಕಳಸಬೇಕಾಗತೈತಿ ಅಂದ್ರು. ಇಬ್ಬರು ವಯಸ್ಸಾದವರು, ಒಬ್ಬಾಕಿ ಮದುವಿ ಗೊತ್ತಾದ ಹುಡುಗಿ. ಮೂರು ಆತು. ನಾಲ್ಕನೇ ಹೆಸರು ಅವರ ಬಾಯಿಂದ ಬರಲಿಲ್ಲ. ಯೋಚನಾ ಮಾಡತೇನಿ ಅಂದ್ರು.

ಅಂಥಾ ಸುದ್ದಿ ಎಲ್ಲೆ ನಿಲ್ಲತೈತ್ರಿ? ಎರಡು ದಿನದಾಗ ಶೆಡ್ಡೆಲ್ಲಾ ಗುಸುಗುಸು. ನಾಲ್ಕನೇದವರು ಯಾರು, ನಾಲ್ಕನೇದವರು ಯಾರು. ಅಣ್ಣಾರು ಯಾರ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಿದ್ರೂ ಅವರಿಗೆ ಅವತ್ತು ರೊಟ್ಟಿ ಇಳೀತಿರಲಿಲ್ಲ. ಎಲ್ಲಾರೂ ನನ್ನ ತಲಿ ತಿನ್ನಾಕ ಹತ್ತಿದ್ರು, ನಿಮಗ ಗೊತ್ತಿರತೈತಿ ಹೇಳ್ರಿ ಸರೋಜಕ್ಕಾ ಅಂತ. ನನಗೂ ಗೊತ್ತಿರಲಿಲ್ಲ. ನನ್ನ ಹೆಸರು ಇರಬಹುದು ಅಂತ ಒಮ್ಮೆನೂ ಅನಸಿರಲಿಲ್ಲ, ಅಷ್ಟು ಧಿಮಾಕು ನನಗ.

ಒಂದು ಮುಂಜಾನೆ ಮಳಿ ಜೋರಿತ್ತು. ಕಟ್ಟಿ ಮ್ಯಾಲಿನ ತಗಡು ಸೋರಾಕತ್ತಿತ್ತು. ಎಲ್ಲಾರವೂ ಹವಾಯಿ ಚಪ್ಪಲಿ, ನೀರು ಬಿದ್ರ ಬಿತ್ತು. ನಿಂಗಪ್ಪ ಕಾಕಾನವು ಮಾತ್ರ ಹೊಸಾ ಚರ್ಮದವು. ಮಗಳು ಅಳಿಯ ಕೊಡಿಸಿದ್ರಂತ, ಹಿಂದಿನ ವಾರ ಮೊದಲನೇ ಸಲ ಹಾಕ್ಕೊಂಡು ಬಂದಾಗ ಹುಡುಗ್ಯಾರು ಏನ್ ಮದುಮಗಾ ಆಗೀರಿ ಕಾಕಾ ಅಂತ ಚಾಷ್ಟಿ ಮಾಡಿದ್ರು. ಸರಿಯಾಗಿ ಆ ಜೋಡಿನ ಮ್ಯಾಲ ನೀರು ತಟತಟ ಬೀಳಾಕತ್ತಿತ್ತು. ನಾ ಹಾಜರಿ ಪುಸ್ತಕ ಬಗಲಾಗ ಹಿಡಕೊಂಡು ಹೊಂಟಾಕಿ ನಿಂತೆ. ಪಾಪ, ಹಾಳಾಗತಾವು ಅನಸಿತು. ಎತ್ತಿ, ಸೆರಗಲೆ ಒರಸಿ, ಕಟ್ಟಿ ಆಚಿ ತುದಿಗೆ ಒಣಾ ಮೆಟ್ಟಲ ಮ್ಯಾಲ ಇಟ್ಟೆ. ಗಾಳಿ ಬರೂ ಕಡೆ ಮುಖ ಮಾಡಿ ಇಟ್ಟೆ, ಲಗೂನ ಒಣಗಲಿ ಅಂತ. ಗಾಳಿ ಗೇಟಿನ ಕಡೆಯಿಂದ ಬರಾಕತ್ತಿತ್ತು. ಆಫೀಸಿನ್ಯಾಗ ಫೋನು ಬಡಕೊಂಡಿತು, ಓಡಿದೆ. ಇಷ್ಟ ನಾ ಮಾಡಿದ್ದು.

ಮಧ್ಯಾಹ್ನ ಕಾಕಾ ಕೈ ತೊಳಕೊಳ್ಳಾಕ ಹೊರಗ ಬಂದಿದ್ದನ್ನ ಗಂಗವ್ವ ನೋಡಿದ್ಲಂತ. ಮೆಟ್ಟಲ ಹತ್ರ ಭಾಳ ಹೊತ್ತು ನಿಂತಿದ್ರಂತ. ಬುತ್ತಿ ಬಿಚ್ಚಲಿಲ್ಲ. ಒಳಗ ಹೋಗಿ ಕೊಪ್ಪರಿಗಿ ಮುಂದ ನಿಂತು ಅವತ್ತಿನ ಎಣ್ಣಿ ಹದಕ್ಕ ಬರೂತನಕಾ ತಿರುವಿದ್ರು. ಇಳಿಸಿದ್ರು, ಸೋಸಿದ್ರು, ಮುಚ್ಚಿಟ್ರು. ಎಣ್ಣಿ ತಿರುವೂ ಹುಟ್ಟು ತೊಳದು ಗ್ವಾಡಿಗೆ ಆನಿಸಿದ್ರು. ನಾಕು ಗಂಟೆ ಸುಮಾರಿಗೆ ನಾ ಕಿಟಕ್ಯಾಗಿಂದ ನೋಡಿದಾಗ ಗೇಟಿನ ಕಡೆ ಹೊಂಟಿದ್ರು. ಆಫೀಸಿನ ಮುಚ್ಚಿದ ಬಾಗಿಲಕ್ಕ ಒಮ್ಮೆ ಕೈ ಮುಗದ್ರು. ಜ್ವರ ಬಂದಿರಬೇಕು ಅಂದುಕೊಂಡು ಪುಸ್ತಕದಾಗ ಅರ್ಧ ದಿನ ರಜಾ ಅಂತ ಬರದೆ.

ಮರುದಿನ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ಮೂರನೇ ದಿನ ಗಂಗವ್ವ ಕಸಬರಿಗಿ ಹಿಡಕೊಂಡ ಆಫೀಸಿಗೆ ಬಂದು ನನ್ನ ಮುಂದ ನಿಂತ್ಲು. ಇಪ್ಪತ್ತಾರು ವರ್ಷ ದುಡದವನಿಗೆ ಒಂದು ತುತ್ತು ಊಟ ಹಾಕದ, ಕಳ್ಳಗ ಮಾಡಿದಂಗ ಚಪ್ಪಲಿ ತಿರುಗಿಸಿ ಕಳಿಸಿದ್ರಲ್ಲ, ಅಣ್ಣಾರಿಗೆ ದೇವರು ಹೆಂಗ ಒಪ್ಪಿದ ಅಂದ್ಲು. ನನಗ ಒಂದು ಗಳಿಗಿ ಏನೂ ತಿಳೀಲಿಲ್ಲ. ಆಮ್ಯಾಲ ತಿಳೀತು.

ಅಣ್ಣಾರ ಕೋಣಿಗೆ ಓಡಿದೆ. ನಡದದ್ದೆಲ್ಲಾ ಹೇಳಿದೆ. ನನ್ನ ತಪ್ಪು ಅಣ್ಣಾರ, ಈಗ ಆಟೋ ಹಿಡದು ಹೋಗಿ ಕಾಕಾರನ್ನ ಕರಕೊಂಡು ಬರತೇನಿ ಅಂದೆ. ಅವರು ಕನ್ನಡಕ ತಗದು ಅಂಗಿ ತುದೀಲೆ ಒರಸಿದ್ರು, ಮತ್ತ ಹಾಕ್ಕೊಂಡ್ರು. ಆಮ್ಯಾಲ ಹಾಜರಿ ಪುಸ್ತಕ ತರ್ರಿ ಅಂದ್ರು. ತಂದು ಕೊಟ್ಟೆ. ಆ ತಿಂಗಳ ಹಾಳಿ ತಗದು ನನ್ನ ಕಡೆ ತಿರುಗಿಸಿ ಇಟ್ರು. ಪೆನ್ಸಿಲಲೆ ನಾಕು ಹೆಸರಿನ ಮುಂದ ಸಣ್ಣ ಸಣ್ಣ ಚುಕ್ಕಿ ಇದ್ವು. ದಿನಾ ನನ್ನ ಕೈಯಾಗ ಇರೂ ಪುಸ್ತಕ, ಹಿಂದಿನ ದಿನ ಸಂಜಿ ಅವರ ಟೇಬಲ್ ಮ್ಯಾಲ ಬಿಟ್ಟು ಹೋಗಿದ್ದೆ, ಆವಾಗ ಹಾಕಿರಬೇಕು. ಮೂರು ನನಗ ಗೊತ್ತಿದ್ದ ಹೆಸರು. ನಾಲ್ಕನೇದು ನಂದು.

"ಹಾಜರಿ ಕೆಲಸ ಮುನೀಮರ ಜೋಡಿ ಕೂಡಿಸಿದ್ರ ನಡೀತೈತಿ," ಅಂದ್ರು ಅಣ್ಣಾರು, ನನ್ನ ಮುಖ ನೋಡದ. "ನಿಮ್ಮ ಮನಿ ಪರಿಸ್ಥಿತಿ ನನಗ ಗೊತ್ತೈತಿ. ಹದಿನೈದು ದಿನದಿಂದ ಪೂಜಾದಾಗ ಒಂದ ಕೇಳಾಕತ್ತೇನಿ ಸರೋಜವ್ವಾ, ಈ ಹೆಸರು ನನ್ನ ಬಾಯಿಂದ ಬರಬಾರದು ಅಂತ. ಬರಲಿಲ್ಲ ನೋಡ್ರಿ. ಅದಷ್ಟಕ್ಕ ಅದ ಆತು."

ನನ್ನ ಮನಿ ಪರಿಸ್ಥಿತಿ ಅಂದ್ರ ಹಿಂಗಿತ್ತು. ಮಿಲ್ಲು ಮುಚ್ಚಿದಮ್ಯಾಲ ನಮ್ಮ ಮನಿಯವರು ಕೆಲಸಾ ಹುಡುಕಿ ಹುಡುಕಿ ಸೋತು ಕಟ್ಟಿ ಮ್ಯಾಲ ಕುಂತಿದ್ರು. ಇಬ್ಬರು ಹೆಣ್ಣಮಕ್ಕಳು ಸಾಲಿಗೆ ಹೋಗತಿದ್ರು, ದೊಡ್ಡಾಕಿ ಹತ್ತನೇತ್ತ. ಒಲಿ ಉರಿಯೂದು ನನ್ನ ಪಗಾರದ ಮ್ಯಾಲ. ಇದೆಲ್ಲಾ ಅಣ್ಣಾರಿಗೆ ಗೊತ್ತಿತ್ತು, ನನಗ ಗೊತ್ತಿತ್ತು, ಆ ಕೋಣ್ಯಾಗ ಯಾರೂ ಅದನ್ನ ಬಿಡಿಸಿ ಹೇಳೂ ಗರಜು ಇರಲಿಲ್ಲ. ಅಣ್ಣಾರು ಡ್ರಾವರಿನಿಂದ ರಬ್ಬರು ತಗದು ನನ್ನ ಹೆಸರಿನ ಮುಂದಿನ ಚುಕ್ಕಿ ಅಳಿಸಿದ್ರು. ಉಳದ ಪುಡಿ ಊದಿದ್ರು. ನಿಂಗಪ್ಪ ಕಾಕಾನ ಹೆಸರಿನ ಮುಂದ ಒಂದು ಚುಕ್ಕಿ ಇಟ್ರು.

ನನಗ ಹಾಯ್ ಅನಸಿತು. ಹೇಳಾಕ ನಾಚಿಕಿ ಬರತೈತಿ, ಆದ್ರ ಸುಳ್ಳ ಯಾಕ ಹೇಳಲಿ. ಮೊದಲನೇ ಗಳಿಗಿಗೆ ಹಾಯ್ ಅನಸಿತು. ಎರಡನೇ ಗಳಿಗಿಗೆ ಕಾಕಾನ ಹೆಸರಿನ ಮುಂದಿನ ಚುಕ್ಕಿ ಕಂಡಿತು. ಪುಸ್ತಕ ಎತ್ತಿಕೊಂಡು ಹೊರಗ ಬಂದೆ. ಅವತ್ತಿನಿಂದ ಬಾಯಿಗೆ ಬೀಗ.

ಗಂಗವ್ವ ಸುಮ್ಮನ ಕೂಡಾಕಿ ಅಲ್ಲ. ಅಣ್ಣಾರಿಗೆ ಎದುರಿಗೇ ಹೋಗಿ ಕೇಳಿದ್ಲು. ಅಣ್ಣಾರು ಕೈ ಮುಗದು, ನಿಂಗಪ್ಪಗ ಊಟ ಹಾಕದ ಕಳಸೂದಿಲ್ಲವ್ವಾ, ಶ್ರಾವಣ ಸೋಮವಾರ ಎಲ್ಲಾರ ಜೋಡಿ ಅವಂದೂ ಮಾಡೂಣು ಅಂದ್ರು. ತಾವ ಹಳೇ ಹುಬ್ಬಳ್ಳಿಗೆ ಹೋಗಿ ಕರದು ಬಂದ್ರು. ಅಲ್ಲೆ ಏನು ಮಾತಾತೋ ಗೊತ್ತಿಲ್ಲ. ಖರೇ ಸಂಗತಿ ಗೊತ್ತಿದ್ದವರು ಇಬ್ಬರ, ಅಣ್ಣಾರು ಮತ್ತ ನಾನು. ಇಬ್ಬರೂ ಎದುರಾಬದುರಾ ಆದಾಗ ಅವರು ಮೊದಲಿನಂಗ ಶರಣು ಅಂತಿದ್ರು, ನಾನೂ ಅಂತಿದ್ದೆ, ಇಬ್ಬರೂ ನೆಲಾ ನೋಡತಿದ್ವಿ.

ಸೋಮವಾರ ಬಂತು. ಕಾಕಾ ಇಸ್ತ್ರಿ ಮಾಡಿದ ಧೋತರ, ಬಿಳೇ ಟೊಪ್ಪಗಿ ಹಾಕ್ಕೊಂಡು ಬಂದಿದ್ರು. ಹೆಂಡತಿ ಯಲ್ಲವ್ವಾನೂ ಬಂದಿದ್ಲು. ನಾಕು ಎಲಿ ಮುಂದ ಹಾಕಿದ್ವಿ. ಎಣ್ಣಿಗಾಯಿ, ರೊಟ್ಟಿ, ಕೋಸಂಬ್ರಿ, ಗೋದಿ ಹುಗ್ಗಿ. ಅಣ್ಣಾರು ರೊಟ್ಟಿ ಪಲ್ಯಾ ನೀಡಿದ್ರು. ಹುಗ್ಗಿ ಬುಟ್ಟಿ ಎತ್ತಿಕೊಂಡವರು ಹಂಗ ತಿರುಗಿ ನನ್ನ ಕೈಗೆ ಕೊಟ್ರು. ನಾ ನೀಡಿದೆ. ಕಾಕಾನ ಎಲಿ ಮುಂದ ಬಂದಾಗ ಇನ್ನ ಸ್ವಲ್ಪ ಹಾಕಲೇನ್ರಿ ಅಂತ ಕೇಳಿದೆ. ಅವರು ಹಾಕ್ರಿ ಅಂತ ನಕ್ಕರು. ಆ ನಗು ನನಗ ಇನ್ನೂ ನೆನಪೈತಿ.

ಊಟ ಆದಮ್ಯಾಲ ಶಾಲು ಹೊಚ್ಚೂ ಮುಂದ ಕಾಕಾ ಅಣ್ಣಾರ ಕೈ ಹಿಡಕೊಂಡು, "ನಂದೇನ ತಪ್ಪಾಗಿತ್ತು, ಅದೊಂದು ಹೇಳಿಬಿಡ್ರಿ ಅಣ್ಣಾರ," ಅಂದ್ರು.

"ನಿಮ್ಮದೇನೂ ತಪ್ಪಿಲ್ಲ ನಿಂಗಪ್ಪಾ," ಅಂದ್ರು ಅಣ್ಣಾರು. ಕಣ್ಣಾಗ ನೀರಿತ್ತು. "ತಪ್ಪು ಅಂತಿದ್ರ ನಮ್ಮದು."

ಅಕ್ಷರಕ್ಕಕ್ಷರ ಖರೇ ಮಾತು ಅದು. ಆದ್ರ ಕೇಳಿದವರೆಲ್ಲಾ ಅದನ್ನ ದೊಡ್ಡತನ ಅಂತ ತಿಳಕೊಂಡ್ರು. ಕಾಕಾನೂ ಹಂಗ ತಿಳಕೊಂಡ್ರು. ಎಷ್ಟು ದೊಡ್ಡ ಮನಸ್ಸು, ನನ್ನ ತಪ್ಪನ್ನ ತಾವು ಹೊತ್ತುಕೊಂಡ್ರು ಅನ್ನೂದು ಅವರ ಮುಖದ ಮ್ಯಾಲ ಕಾಣಸಾಕತ್ತಿತ್ತು. ಹೆಣ್ಣಮಕ್ಕಳೆಲ್ಲಾ ಸೆರಗಿಗೆ ಕಣ್ಣು ಒರಸಿಕೊಂಡ್ರು. ನಾ ಬುಟ್ಟಿ ಹಿಡಕೊಂಡು ನಿಂತಿದ್ದೆ. ಒಂದ ಮಾತು ಸಾಕಿತ್ತು. ಅಂಗಳದಾಗ ನಲವತ್ತು ಮಂದಿ ಇದ್ರು, ಒಂದ ಮಾತು. ಆಡಿದ್ರ ಮುಂದಿನ ಸೋಮವಾರದ ಎಲಿ ನಂದು. ಮಗಳ ಹತ್ತನೇತ್ತದ ಪರೀಕ್ಷಾ, ಕಟ್ಟಿ ಮ್ಯಾಲ ಕುಂತ ಗಂಡ, ಎಲ್ಲಾ ಕಣ್ಣ ಮುಂದ ಬಂದ್ವು. ಬುಟ್ಟಿ ಒಳಗ ತಗೊಂಡು ಹೋದೆ. ಕಾಕಾ ಗೇಟು ದಾಟಿದ್ದು ನಾ ನೋಡಲಿಲ್ಲ.

ಅಲ್ಲಿಂದ ಮುಂದ ಆ ಜಾಗಾ ನನಗ ಜೇಲ ಆತು. ಮಳಿ ನಿಂತಿತು, ಬಿಸಲು ಬಂತು, ತೊಪ್ಪಲ ಒಣಗಿತು. ಎಣ್ಣಿ ಕಾಯಿಸಾಕ ಇನ್ನೊಬ್ಬರನ್ನ ನಿಲ್ಲಿಸಿದ್ರು, ಅವರಿಗೆ ಹದಾ ತಿಳೀತಿರಲಿಲ್ಲ, ವಾರಕ್ಕೊಮ್ಮೆ ಸೀದ ವಾಸನಿ ಬರತಿತ್ತು. ಅದು ಮೂಗಿಗೆ ಬಡದ್ರ ನನ್ನ ಪೆನ್ನು ನಿಲ್ಲತಿತ್ತು. ಬಿಟ್ಟು ಹೋಗೂಣು ಅಂದ್ರ ಎಲ್ಲೆ ಹೋಗೂದು? ನಲವತ್ತಕ್ಕ ಬಂದ ಹೆಣ್ಣಮಗಳಿಗೆ ಯಾರು ಟೈಪಿಂಗ್ ಕೆಲಸಾ ಕೊಡತಾರ, ಎಲ್ಲಾ ಕಡೆ ಕಂಪ್ಯೂಟರ್ ಬರಾಕತ್ತಿದ್ವು. ಇರೂಣು ಅಂದ್ರ ದಿನಾ ಮುಂಜಾನೆ ಪ್ರಾರ್ಥನಾದಾಗ ನಿಂತು, ನಾವೆಲ್ಲಾ ಒಂದ, ಯಾರನ್ನೂ ನೋಯಿಸೂದಿಲ್ಲ ಅಂತ ಬಾಯಿ ಬಿಟ್ಟು ಹೇಳಬೇಕು. ಇದಕ್ಕಿಂತ ಬೈದು ಕಳಸೂ ಮಾಲಕ ಇದ್ದಿದ್ರ ಛಲೋ ಇತ್ತು. ಅವನ ಮ್ಯಾಲ ಸಿಟ್ಟರ ಆಗಬಹುದಿತ್ತು. ಕೈ ಮುಗದು ನಿಂತವರ ಮ್ಯಾಲ ಸಿಟ್ಟಾಗಾಕೂ ಬರೂದಿಲ್ಲ.

ಮನಿಯವರಿಗೂ ಹೇಳಲಿಲ್ಲ. ಹೇಳಿದ್ರ ಅವರು, ನಡೀ, ಈಗ ಹೋಗಿ ಹೇಳೂಣು ಅಂತಿದ್ರು, ಅಂಥಾ ಮನಶ್ಯಾ. ಹಂಗ ಅಂತಾರಂತ ಗೊತ್ತಿದ್ದಕ್ಕ ಹೇಳಲಿಲ್ಲ.

ದೀಪಾವಳಿ ಆದ ಮ್ಯಾಲ ಒಂದು ದಿನ ಗಂಗವ್ವ ಸುದ್ದಿ ತಂದ್ಲು. ಆಕಿದೂ ಮನಿ ಹಳೇ ಹುಬ್ಬಳ್ಳ್ಯಾಗ. ನಿಂಗಪ್ಪ ಯಾಕೋ ಸರಿ ಇಲ್ಲ ಸರೋಜಕ್ಕಾ ಅಂದ್ಲು. ಮನಿ ಬಿಟ್ಟು ಹೊರಗ ಬರೂದಿಲ್ಲಂತ. ಎಣ್ಣಿ ಕಾಯಿಸಾಕ ಬ್ಯಾರೆ ಅಂಗಡಿಯವರು ಕರದ್ರ, ನನ್ನ ಕೈ ಕೆಟ್ಟೈತಿ, ಬ್ಯಾಡ್ರಿ ಅಂದ್ನಂತ. ಬ್ಯಾಸಗ್ಯಾಗ ಒಂದು ಕೊಪ್ಪರಿಗಿ ಎಣ್ಣಿ ಸ್ವಲ್ಪ ಹೆಚ್ಚು ಕಾಯ್ತು ಅಂತ ಅನಸಿತ್ತಂತ ಅವಗ, ಯಾರಿಗೂ ಹೇಳದ ಬಾಟ್ಲಿಗೆ ಹೋಗಾಕ ಬಿಟ್ಟಿದ್ನಂತ. ಅದನ್ನ ಹಚ್ಚಿಕೊಂಡವರೊಳಗ ಯಾರದೋ ಮೈ ಸುಟ್ಟಿರಬೇಕು, ಅದಕ್ಕ ಅಣ್ಣಾರು ಹಂಗ ಮಾಡಿದ್ರು, ಆದ್ರೂ ದೊಡ್ಡವರು, ಮಂದಿ ಮುಂದ ಹೇಳಲಿಲ್ಲ. ಹೆಂಡತಿ ಮುಂದ ದಿನಾ ಇದ ಮಾತಂತ. ಯಾರ ಮೈ ಸುಟ್ಟಿತೋ ಏನೋ ಅಂತ.

ಬ್ಯಾಸಗಿ ಎಣ್ಣಿ ಎಲ್ಲೆಲ್ಲಿ ಹೋಗಿತ್ತಂತ ನನಗ ನೆನಪಿತ್ತು. ಅದರ ಬಗ್ಗೆ ಒಂದು ತಕರಾರಿನ ಪತ್ರನೂ ಬಂದಿರಲಿಲ್ಲ. ಪತ್ರ ಒಡಿಯಾಕಿ ನಾನ.

ಆಯಿತವಾರ ಮುಂಜಾನೆ ಹೋದೆ. ಹಳೇ ಹುಬ್ಬಳ್ಳಿಯ ಸಂದ್ಯಾಗ ಕೇಳಿಕೋತ ಹೋದೆ, ಮನಿ ಸಿಕ್ಕಿತು. ಕಾಕಾ ಪಡಸಾಲ್ಯಾಗ ಕಂಬಕ್ಕ ಆತುಕೊಂಡು ಕುಂತಿದ್ರು. ಗಡ್ಡ ಬೆಳದಿತ್ತು. ನನ್ನ ನೋಡಿ ಗಡಬಡಿಸಿ ಎದ್ದು, ಬರ್ರಿ ಸರೋಜಕ್ಕಾ, ಕೂಡ್ರಿ ಅಂತ ಜಮಖಾನಿ ಹಾಸಿದ್ರು. ಯಲ್ಲವ್ವ ಚಹಾಕ್ಕ ಇಟ್ಲು. ದಾರಿ ತುಂಬ ಹೆಂಗ ಹೇಳಬೇಕಂತ ಜೋಡಿಸಿಕೊಂಡು ಬಂದಿದ್ದೆ, ಎಲ್ಲಾ ಮರ್ತು ಹೋತು. ಕುಂತಾಕಿನ ಹೇಳಿದೆ. "ಕಾಕಾ, ನಿಮ್ಮ ಚಪ್ಪಲಿ ತಿರುಗಿಸಿದ್ದು ಅಣ್ಣಾರಲ್ಲ. ನಾನು. ಮಳಿ ನೀರು ಬೀಳಾಕತ್ತಿತ್ತು, ಒಣಗಲಿ ಅಂತ ಆ ಕಡೆ ಇಟ್ಟೆ. ನಿಮ್ಮ ತಪ್ಪು ಏನೂ ಇದ್ದಿಲ್ಲ."

ಅವರಿಗೆ ಮೊದಲು ತಿಳೀಲಿಲ್ಲ. ಎರಡನೇ ಸಲ ಹೇಳಿದೆ. ಆಮ್ಯಾಲ ಅವರು ಕೇಳಿದ್ದು ಕೆಲಸದ ಮಾತಲ್ಲ.

"ಹಂಗಾದ್ರ ಬ್ಯಾಸಗಿ ಎಣ್ಣಿ ಸರಿ ಇತ್ತೇನ್ರಿ?"

"ಸರಿ ಇತ್ತು ಕಾಕಾ. ಒಂದು ತಕರಾರೂ ಬಂದಿಲ್ಲ. ಎಲ್ಲಾ ಪತ್ರ ನಾನ ಓದತೇನಿ."

ಒಳಗಿನ ಕಡೆ ತಿರುಗಿ, ಕೇಳಿದೇನ, ಎಣ್ಣಿ ಸರಿ ಇತ್ತಂತ ಅಂದ್ರು. ಅಷ್ಟ ಅಂದವರು ಎರಡೂ ಅಂಗೈ ಮುಖಕ್ಕ ಒತ್ತಿಕೊಂಡ್ರು. ಯಲ್ಲವ್ವ ಬಾಗಿಲದಾಗ ನಿಂತು ಅಳಾಕತ್ತಿದ್ಲು. ನನಗೂ ಅಳು ಬಂತು. ಅಷ್ಟು ತಿಂಗಳ ಎದಿ ಮ್ಯಾಲಿದ್ದ ಭಾರ ಇಳಿದಂಗ ಆತು, ಬಂದದ್ದು ಛಲೋ ಆತು ಅಂದುಕೊಂಡೆ.

ಕಾಕಾ ಮುಖ ಒರಸಿಕೊಂಡು ಕುಂತ್ರು. ಚಹಾ ಬಂತು. ಅದನ್ನ ಮುಟ್ಟಲಿಲ್ಲ. ನಿಮಗ ಇದು ಯಾವಾಗ ತಿಳೀತ್ರಿ ಅಂತ ಕೇಳಿದ್ರು, ಸಮಾಧಾನಲೆ. ಮೂರನೇ ದಿನ ಅಂದೆ. ಅಣ್ಣಾರಿಗೆ? ಅವತ್ತ ಹೇಳಿದೆ ಅಂದೆ. ಅವರು ಬೆರಳ ಮ್ಯಾಲ ಏನೋ ಎಣಿಸಿದ್ರು. ಆಷಾಢ, ಶ್ರಾವಣ, ಭಾದ್ರಪದ, ಹಿಂಗ. ಯಾಕ ತಿರುಗಿ ಕೆಲಸಕ್ಕ ಕರಿಯಾಕ ಬರಲಿಲ್ಲ ಅಂತ ಕೇಳಿದ್ರು. ನಾಲ್ಕನೇ ಹೆಸರು ನಂದಿತ್ತು ಅಂತ ಹೇಳಿದೆ. ಮುಚ್ಚಿಡೂದು ಇನ್ನ ಏನೂ ಉಳದಿರಲಿಲ್ಲ.

"ಅಂದ್ರ ನಾ ತಿರುಗಿ ಬಂದ್ರ ನೀವು ಹೋಗಬೇಕು."

ಹೌದು ಅಂದೆ.

"ಎರಡು ಹೆಣ್ಣಮಕ್ಕಳ ತಾಯಿನ್ನ ಕಳಿಸಿ ನಾ ಬರೂದಿಲ್ಲಂತ ನಿಮಗ ಗೊತ್ತಿತ್ತು. ಗೊತ್ತಿದ್ದ ಮ್ಯಾಲ ಬಂದೀರಿ."

ದಾರ್ಯಾಗ ನನಗ ಅದು ಹೊಳದೇ ಇರಲಿಲ್ಲ ಅಂತ ಈಗೂ ಆಣಿ ಮಾಡಿ ಹೇಳಬೇಕಂದ್ರ ಹೇಳಲಾರೆ.

"ಮಳಿ ದಿನದ್ದು ತಪ್ಪು," ಅಂದ್ರು ಕಾಕಾ. ದನಿ ಏರಲಿಲ್ಲ. "ಅದು ಯಾರ ಕೈಲಾದ್ರೂ ಆಗತೈತಿ. ಮೂರನೇ ದಿನದಿಂದ ಆದದ್ದಕ್ಕ ಬರೇ ತಪ್ಪು ಅನ್ನಬ್ಯಾಡ್ರಿ. ನನಗ ಹುಗ್ಗಿ ನೀಡಿದವರು ನೀವು. ಇನ್ನ ಸ್ವಲ್ಪ ಹಾಕಲೇನ್ರಿ ಅಂತ ಕೇಳಿದ್ರಿ."

ಯಲ್ಲವ್ವ, ಇರಲಿ ಬಿಡ್ರಿ, ಮನಿಗೆ ಬಂದವರು ಅಂದ್ಲು. ಅವರು ಕೈ ಎತ್ತಿ ಆಕಿನ್ನ ಸುಮ್ಮನಾಗಿಸಿದ್ರು.

"ಇಷ್ಟು ದಿನ ನನ್ನ ಮ್ಯಾಲ ನಾನ ಸಿಟ್ಟಾಗಿದ್ದೆ ಸರೋಜಕ್ಕಾ. ಇನ್ನ ನಿಮ್ಮ ಮ್ಯಾಲ ಆಗತೇನಿ. ನನಗ ಅದು ಬೇಕಾಗೇತಿ. ಹೋಗ್ರಿ."

ನಮ್ಮ ಕಡೆ ಮನಿಗೆ ಬಂದವರಿಗೆ ಬರೇ ಹೋಗ್ರಿ ಅಂತ ಯಾರೂ ಅನ್ನೂದಿಲ್ಲ. ವೈರಿಗೂ ಹೋಗಿ ಬರ್ರಿ ಅಂತೇವಿ. ಕಾಕಾಗ ಅದು ಗೊತ್ತಿಲ್ಲಂತಲ್ಲ. ನಾ ಎದ್ದು ಸಂದ್ಯಾಗ ಇಳಿದೆ. ಹಿಂದ ಯಾರೂ ಬಾಗಿಲಕ್ಕ ಬರಲಿಲ್ಲ.

ಹದಿನೈದು ದಿನಕ್ಕ ಗಂಗವ್ವ ಹೇಳಿದ್ಲು, ನಿಂಗಪ್ಪ ಗಡ್ಡ ಬೋಳಿಸಿಕೊಂಡು ಪ್ಯಾಟಿ ಕಡೆ ಎಣ್ಣಿ ಕಾಯಿಸಾಕ ಹೊಂಟಾನಂತ, ಯಾರೋ ಏನೋ ತಿಳಿಸಿ ಹೇಳಿರಬೇಕು ಅಂತ. ಇರಬೇಕು ಅಂದೆ. ಅವರು ಅಣ್ಣಾರಿಗಾಗಲಿ, ಓಣಿಯವರಿಗಾಗಲಿ ಏನೂ ಹೇಳಲಿಲ್ಲ. ದುರ್ಗದ ಬೈಲಿನ್ಯಾಗ ಎರಡು ಮೂರು ಸಲ ಎದುರಿಗೆ ಬಂದ್ರು. ಮುಖ ತಿರುಗಿಸಿಕೊಂಡು ಹೋದ್ರು, ಬೆನ್ನು ನೆಟ್ಟಗ ಇತ್ತು.

ಕಾಕಾನ ಮನಿಗೆ ಹೋದ ಆಯಿತವಾರ ತಿರುಗಿ ಮನಿಗೆ ಬಂದಾಗ ದೊಡ್ಡ ಮಗಳು ಪುಸ್ತಕ ಹಿಡಕೊಂಡು ಕುಂತಿದ್ಲು. ಎಲ್ಲಿಗೆ ಹೋಗಿದ್ದಿ ಅವ್ವಾ ಅಂದ್ಲು. ಎಲ್ಲೂ ಇಲ್ಲ ಅಂದೆ. ಮರುದಿನ ಸೋಮವಾರ. ಕೆಲಸಕ್ಕ ಹೋದೆ. ಆಮ್ಯಾಲೂ ಒಂಬತ್ತು ವರ್ಷ ಹೋದೆ.